ದೇಣಿಗೆಯ ಜೊತೆಗೆ ಎರಡು ಗಂಟೆ



ಶಾಲೆಯ ಸುವರ್ಣ ಮಹೋತ್ಸವಕ್ಕೆ ರೋಟರಿ ಸದಸ್ಯನಾಗಿ ನನ್ನ ಶುಭಾಶಯಗಳು. ನಮ್ಮನ್ನು ರಸೀದಿ ಪುಸ್ತಕ ಹಿಡಿದು ಬರುವವರೆಂದೇ ಹಲವರು ಬಲ್ಲರು. 1985ರಲ್ಲಿ ರೋಟರಿ ಪೋಲಿಯೊ ನಿರ್ಮೂಲನೆಗೆ ಹೊರಟಾಗಲೂ ಹಣ ಕೂಡಿಸಿದ್ದು ನಿಜ. ಆದರೆ ಹಣದಿಂದ ಲಸಿಕೆ ಬರುತ್ತದೆ. ಮಗುವಿನ ಬಾಯಿಗೆ ಎರಡು ಹನಿ ಹಾಕಲು ಜನ ಬೇಕು. ಭಾನುವಾರ ಬೂತಿನಲ್ಲಿ ಕುಳಿತು, ಹನಿ ಹಾಕಿಸಿಕೊಂಡ ಮಗುವಿನ ಕಿರುಬೆರಳಿಗೆ ಶಾಯಿ ಹಚ್ಚಿ, ಬಿಟ್ಟುಹೋದ ಮಕ್ಕಳನ್ನು ಹುಡುಕಿ ಮನೆಮನೆಗೆ ನಡೆದವರು ಆರೋಗ್ಯ, ಅಂಗನವಾಡಿ ಕಾರ್ಯಕರ್ತೆಯರು. ಅವರ ಜೊತೆಗೆ ನಮ್ಮಂಥ ಸ್ವಯಂಸೇವಕರು. 2011ರ ಜನವರಿಯ ನಂತರ ನಮ್ಮ ದೇಶದಲ್ಲಿ ಕಾಡು ಪೋಲಿಯೊ ಪ್ರಕರಣ ಕಂಡಿಲ್ಲ.

ಪಾಕಿಸ್ತಾನ, ಆಫ್ಘಾನಿಸ್ತಾನಗಳಲ್ಲಿ ಆ ವೈರಸ್ ಇನ್ನೂ ಇದೆ. ಆದ್ದರಿಂದ ನಾವು ಹನಿ ಹಾಕುವುದನ್ನು ನಿಲ್ಲಿಸುವಂತಿಲ್ಲ. ದೇಣಿಗೆ ಕೊಡಿ, ರಸೀದಿ ಕೇಳಿ ಪಡೆಯಿರಿ. ಮುಂದಿನ ಪಲ್ಸ್ ಪೋಲಿಯೊ ಭಾನುವಾರ ಎರಡು ಗಂಟೆ ಬೂತಿಗೂ ಬನ್ನಿ. ನಾನೂ ಅಲ್ಲಿರುತ್ತೇನೆ.