ಕಣ್ಣು ಹೊರಳುವ ಮುನ್ನ



ಹೋದ ಚಳಿಗಾಲದಲ್ಲಿ ದಾಂಡೇಲಿಯ ಟಿಂಬರ್ ಡಿಪೊ ಹತ್ತಿರ ಬೆಳಗಿನ ಹೊತ್ತು ಮಂಗಟ್ಟೆ ಹಕ್ಕಿ ನೋಡಲು ನಿಂತಿದ್ದೆ. ಜೊತೆಗಿದ್ದ ಹುಡುಗ, "ಅಲ್ನೋಡ್ರಿ ಸರ್, ಟೊಂಗಿ ಮ್ಯಾಲ" ಎಂದ. ನನಗೆ ಬರೀ ಎಲೆ ಕಂಡವು. ಮೂರನೆಯ ಸಲ ಕೈ ಮಾಡಿ ತೋರಿಸಿದಾಗ ಹಳದಿ ಕೊಕ್ಕು ಕಂಡಿತು. ಆಮೇಲೆ ಹಕ್ಕಿ ಎದುರಿಗೇ ಕೂತಂತೆ ನಿಚ್ಚಳವಾಯಿತು. ಕಣ್ಣಿನ ಡಾಕ್ಟರು ತೋರಿಸುವ ಪಟ್ಟಿಯನ್ನು ನಾನೂ ಕೊನೆಯ ಸಾಲಿನವರೆಗೆ ಓದುತ್ತೇನೆ. ಅವನ ಕಣ್ಣು ಹೋಗಬೇಕಾದ ಕಡೆಗೆ ಮೊದಲೇ ಹೋಗಿತ್ತು, ಅಷ್ಟೇ. ಅದನ್ನು ಅತ್ತ ಕಳಿಸಿದ್ದು ಯಾರು ಎಂಬುದೇ ಇವತ್ತಿನ ಮಾತು.

ದಯವಿಟ್ಟು ತೋಳು ಚಾಚಿ ಹೆಬ್ಬೆರಳ ಉಗುರು ನೋಡಿ. ಒಂದು ಗಳಿಗೆಗೆ ನಮಗೆ ಪೂರ್ತಿ ಸ್ಪಷ್ಟವಾಗಿ ಕಾಣುವ ಜಾಗ ಹೆಚ್ಚುಕಡಿಮೆ ಅಷ್ಟೇ. ಉಳಿದ ಜಗತ್ತು ಮಸುಕು. ಆ ಸಣ್ಣ ಸ್ಪಷ್ಟತೆಯನ್ನು ಅತ್ತಿತ್ತ ಒಯ್ಯಲು ಒಂದೊಂದು ಕಣ್ಣಿಗೆ ಆರು ಸ್ನಾಯುಗಳಿವೆ. ಎಚ್ಚರವಿದ್ದಷ್ಟು ಹೊತ್ತು ಸೆಕೆಂಡಿಗೆ ಸುಮಾರು ಮೂರು ಸಲ ಕಣ್ಣು ಜಿಗಿಯುತ್ತದೆ. ದಿನಕ್ಕೆ ಒಂದೂವರೆ ಲಕ್ಷಕ್ಕೂ ಮೇಲಾಯಿತು. ವಿಜ್ಞಾನಿಗಳು ಈ ಜಿಗಿತಕ್ಕೆ ಸ್ಯಾಕೇಡ್ ಎನ್ನುತ್ತಾರೆ. ಜಿಗಿಯುವಾಗ ಕಾಣುವ ಕಲಸಿದ ಚಿತ್ರವನ್ನು ಮಿದುಳು ಅದುಮಿ ಇಡುತ್ತದೆ. ಮನೆಗೆ ಹೋದ ಮೇಲೆ ಕನ್ನಡಿಯ ಮುಂದೆ ನಿಂತು ನಿಮ್ಮ ಎಡಗಣ್ಣು, ಬಲಗಣ್ಣುಗಳನ್ನು ಒಂದಾದಮೇಲೊಂದು ನೋಡಿಕೊಳ್ಳಿ. ಕಣ್ಣು ಹೊರಳಿದ್ದು ನಿಮಗೆ ಕಾಣುವುದಿಲ್ಲ, ಪಕ್ಕದಲ್ಲಿ ನಿಂತವರಿಗೆ ಕಾಣುತ್ತದೆ.

ಮುಂದಿನ ಜಿಗಿತ ಎಲ್ಲಿಗೆ? ಈ ಪ್ರಶ್ನೆಗೆ ಬಹಳ ಪ್ರಭಾವ ಬೀರಿದ ಉತ್ತರಗಳಲ್ಲಿ ಒಂದನ್ನು ಕೊಟ್ಟವರೊಬ್ಬರು ನಮ್ಮ ಮುಂಡಗೋಡಕ್ಕೇ ಬಂದಿದ್ದರು. 2013ರ ಜನವರಿಯಲ್ಲಿ ಅಲ್ಲಿಯ ಡ್ರೆಪುಂಗ್ ಮಠದಲ್ಲಿ ಮೈಂಡ್ ಆ್ಯಂಡ್ ಲೈಫ್ ಸಂಸ್ಥೆಯ 26ನೆಯ ಸಂವಾದ ನಡೆಯಿತು. ದಲೈ ಲಾಮಾ ಮತ್ತು ಭಿಕ್ಷುಗಳ ಎದುರು ಮಾತಾಡಿದ ವಿಜ್ಞಾನಿಗಳಲ್ಲಿ ಕ್ರಿಸ್ಟಾಫ್ ಕಾಖ್ ಒಬ್ಬರು. ಅವರು ಶಿಮೋನ್ ಉಲ್ಮನ್ ಜೊತೆಗೂಡಿ 1985ರಲ್ಲಿ ಮಂಡಿಸಿದ ವಿಚಾರ ಹೀಗಿದೆ: ಕಣ್ಣೆದುರಿನ ದೃಶ್ಯದಲ್ಲಿ ಬಣ್ಣ, ಬೆಳಕು, ಗೆರೆಯ ಓರೆಗಳಲ್ಲಿ ಸುತ್ತಲಿನದಕ್ಕಿಂತ ಯಾವುದು ಎಷ್ಟು ಬೇರೆಯಾಗಿದೆ ಎಂಬುದಕ್ಕೆ ಮಿದುಳು ಒಂದು ನಕ್ಷೆ ಬರೆದುಕೊಳ್ಳುತ್ತದೆ. ಅದರಲ್ಲಿ ಎದ್ದು ಕಾಣುವ ಬಿಂದು ಗೆಲ್ಲುತ್ತದೆ, ಗಮನ ಅಲ್ಲಿಗೆ ಹೋಗುತ್ತದೆ. ಆಮೇಲೆ ಆ ಬಿಂದುವನ್ನು ಕೆಲಹೊತ್ತು ತಗ್ಗಿಸಿ ಮುಂದಿನದಕ್ಕೆ ಸರದಿ ಕೊಡಬೇಕು, ಇಲ್ಲದಿದ್ದರೆ ಅಲ್ಲೇ ಸಿಕ್ಕಿಬೀಳುತ್ತೇವೆ. ಹಳಿಯಾಳದ ಕಬ್ಬಿನ ಗದ್ದೆಯಲ್ಲಿ ಕೆಂಪು ಸೀರೆಯೊಂದು ಸರಿದರೆ ಕಣ್ಣು ಹೇಳದೆ ಕೇಳದೆ ಅತ್ತ ಹೊರಳುವುದು ಇದರಿಂದ.

ಆದರೆ ಜೊತೆಗಿದ್ದ ಆ ಹುಡುಗನ ಮಂಗಟ್ಟೆಗೆ ಈ ವಿವರಣೆ ಸಾಲದು. ಎಲೆಯ ನೆರಳಲ್ಲಿ ಅಡಗಿದ ಹಕ್ಕಿ ಎದ್ದು ಕಾಣುವಂಥದಲ್ಲ. ಯಾವ ಗೋಳಿ ಮರದ ಹಣ್ಣು ಮಾಗಿದೆ, ಹಕ್ಕಿ ಯಾವ ಎತ್ತರದಲ್ಲಿ ಕೂರುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಹೊರಗಿನ ಸೆಳೆತದ ಮೇಲೆ ಒಳಗಿನ ಅರಿವು ತನ್ನ ತೂಕ ಹಾಕುತ್ತದೆ. ರಷ್ಯದ ವಿಜ್ಞಾನಿ ಆಲ್ಫ್ರೆಡ್ ಯಾರ್ಬುಸ್ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದರು. ಕಲಾವಿದ ರೇಪಿನ್ ಬರೆದ ಒಂದೇ ಚಿತ್ರ, ನೋಡುವವನೂ ಒಬ್ಬನೇ. ಚಿತ್ರದಲ್ಲಿರುವ ಮನೆಯವರ ಸ್ಥಿತಿಗತಿ ಹೇಗಿದೆ ಎಂದು ಕೇಳಿದಾಗ ಕಣ್ಣು ಹಿಡಿದ ದಾರಿ ಒಂದು, ಇವರ ವಯಸ್ಸೆಷ್ಟು ಎಂದಾಗ ಹಿಡಿದದ್ದು ಇನ್ನೊಂದು. ಶಿಕ್ಷಕರಾದ ನಮಗೆ ಇದಕ್ಕಿಂತ ದೊಡ್ಡ ಸುದ್ದಿ ಇಲ್ಲ ಎಂದು ನನ್ನ ಭಾವನೆ. ನಾವು ಕೇಳುವ ಪ್ರಶ್ನೆ ಮಗುವಿನ ಕಣ್ಣನ್ನೇ ನಡೆಸುತ್ತದೆ.

ಈ ಸೆಳೆತಗಳೆಲ್ಲ ಒಂದು ಆಜ್ಞೆಯಾಗುವ ಜಾಗಗಳಲ್ಲಿ ಮುಖ್ಯವಾದದ್ದು ನಡುಮಿದುಳಿನ ಮೇಲಿನ ಪುಟ್ಟ ದಿಬ್ಬ, ಸುಪೀರಿಯರ್ ಕೊಲಿಕ್ಯುಲಸ್. 1972ರಲ್ಲಿ ವಿಜ್ಞಾನಿ ಡೇವಿಡ್ ರಾಬಿನ್ಸನ್ ಕೋತಿಯ ಈ ದಿಬ್ಬವನ್ನು ನವಿರಾದ ವಿದ್ಯುತ್ತಿನಿಂದ ಮುಟ್ಟಿದರು. ಒಂದೊಂದು ಚುಕ್ಕೆ ಮುಟ್ಟಿದಾಗ ಕಣ್ಣು ಒಂದೊಂದು ದಿಕ್ಕಿಗೆ, ಇಂತಿಷ್ಟೇ ದೂರಕ್ಕೆ ಜಿಗಿಯಿತು. ಹಣೆಯ ಹಿಂದಿನ ಪ್ರದೇಶ, ನಡುನೆತ್ತಿಯ ಕೆಳಗಿನ ಪ್ರದೇಶ ಎರಡೂ ಈ ದಿಬ್ಬಕ್ಕೆ ತಮ್ಮ ಅಹವಾಲು ಕಳಿಸುತ್ತವೆ.

ಇದರಲ್ಲಿ ನನಗೆ ಅತ್ಯಂತ ಸೋಜಿಗದ್ದು ತಡೆ. 1983ರಲ್ಲಿ ಹಿಕೊಸಾಕಾ ಮತ್ತು ವುರ್ಟ್ಸ್ ಕಂಡುಕೊಂಡಂತೆ, ಮಿದುಳಿನ ಆಳದ ಸಬ್‌ಸ್ಟಾನ್ಶಿಯಾ ನೈಗ್ರಾದ ಕೋಶಗಳು ಬಿಡುವಿಲ್ಲದೆ ಮಿಡಿಯುತ್ತ ಈ ದಿಬ್ಬವನ್ನು ಹಿಡಿದಿಟ್ಟಿರುತ್ತವೆ. ಕಣ್ಣು ಜಿಗಿಯುವ ಮುನ್ನ ಅವು ಅರೆಗಳಿಗೆ ಸುಮ್ಮನಾಗುತ್ತವೆ. ಸೂಪಾ ಅಣೆಕಟ್ಟೆಯ ಗೇಟು ನೆನೆಯಿರಿ: ನೀರಿನ ಒತ್ತಡ ಸದಾ ಇದ್ದೇ ಇದೆ, ತೆರೆಯುವುದು ಒಂದು ಬಾಗಿಲು ಮಾತ್ರ. ಪಾರ್ಕಿನ್ಸನ್ ಕಾಯಿಲೆಯಲ್ಲಿ, ತಡೆ ಹಿಡಿಯುವ ಈ ಕೋಶಗಳ ನೆರೆಯ ಡೋಪಮೀನ್ ಕೋಶಗಳು ಸಾಯುತ್ತವೆ. ಈ ಕಾಯಿಲೆ ಇರುವ ಹಿರಿಯರು ಬೇಕೆಂದು ಕಣ್ಣು ಹೊರಳಿಸುವಾಗ ಜಿಗಿತ ತಡವಾಗುವುದುಂಟು, ಗುರಿಗೆ ಮೊದಲೇ ನಿಲ್ಲುವುದುಂಟು. ಕರೆದಾಗ ತಿರುಗಿ ನೋಡಲಿಲ್ಲವೆಂದು ಅವರ ಮೇಲೆ ಬೇಸರಪಡಬೇಡಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆದಿತ್ಯ ಮೂರ್ತಿ ಅವರ ಪ್ರಯೋಗಾಲಯ ಕೇಳುವುದು ಇದರ ಮುಂದಿನ ಪ್ರಶ್ನೆ. ಕಣ್ಣು ಒಂದು ಗುರಿಗೆ ಸಿದ್ಧವಾದ ಮೇಲೆ ಗುರಿಯನ್ನೇ ಬದಲಿಸಿದರೆ ಏನಾಗುತ್ತದೆ? ಗುರುತು ಕಂಡಾಗಿನಿಂದ ಜಿಗಿಯುವವರೆಗೆ ಸುಮಾರು 200 ಮಿಲಿಸೆಕೆಂಡು ಇರುತ್ತದೆ. ಬದಲಾದ ಸುದ್ದಿ ಬೇಗ ಬಂದರೆ ಮಿದುಳು ಮೊದಲ ಯೋಜನೆಯನ್ನು ರದ್ದು ಮಾಡುತ್ತದೆ, ತಡವಾದರೆ ಕಣ್ಣು ಹಳೆಯ ಜಾಗಕ್ಕೇ ಹೋಗಿಬಿಡುತ್ತದೆ. ಅಣಶಿ ಘಟ್ಟದ ತಿರುವಿನಲ್ಲಿ ಬಸ್ಸು ಓಡಿಸುವವರು ದಿನವಿಡೀ ಹಳೆಯ ಗುರಿ, ಹೊಸ ಸುದ್ದಿಗಳ ಈ ಓಟದಲ್ಲಿ ಇರುತ್ತಾರೆ.

ಹಾಗಾದರೆ ಕಣ್ಣನ್ನು ಜಿಗಿಯದಂತೆ ನಿಲ್ಲಿಸಬಹುದೇ? ಮುಂಡಗೋಡದ ಮಠದಲ್ಲಿ ಧ್ಯಾನಕ್ಕೆ ಕೂತ ಭಿಕ್ಷುಗಳು ಎಷ್ಟೋ ಸಲ ಕಣ್ಣು ಪೂರ್ತಿ ಮುಚ್ಚುವುದಿಲ್ಲ. ನೋಟವನ್ನು ಕೆಳಗಿಳಿಸಿ ಒಂದೆಡೆ ನೆಡುತ್ತಾರೆ. ಹಾಗೆ ನೆಟ್ಟ ಕಣ್ಣೂ ಒಳಗೊಳಗೇ ಅದುರುತ್ತಿರುತ್ತದೆ, ಸೆಕೆಂಡಿಗೆ ಒಂದೋ ಎರಡೋ ಸಲ ಅತಿ ಸಣ್ಣದಾಗಿ ಜಿಗಿಯುತ್ತದೆ. ಈ ಅದುರಾಟ ಇಲ್ಲದಿದ್ದರೆ ಏನಾಗುತ್ತದೆಂದು ತಿಳಿಯಲು ವಿಜ್ಞಾನಿಗಳು ಯಂತ್ರದ ನೆರವಿನಿಂದ ಚಿತ್ರವನ್ನು ರೆಟಿನಾದ ಮೇಲೆ ಕದಲದಂತೆ ನಿಲ್ಲಿಸಿ ನೋಡಿದ್ದಾರೆ. ಕೆಲವೇ ಸೆಕೆಂಡುಗಳಲ್ಲಿ ಕಣ್ಣೆದುರಿನದು ಮಾಸಿ ಹೋಗುತ್ತದೆ.