ಒನಕೆಯೂ ಬಂದೂಕೂ



ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ, ನಾವು ವಾಸವಾಗಿರುವ ಬೀದಿಯಲ್ಲಿಯೇ, ಅಕ್ಕಿಯ ವ್ಯಾಪಾರ ಮಾಡುವ ಸದ್ಗೃಹಸ್ಥರೊಬ್ಬರಿದ್ದಾರೆ. ಅವರ ಮಗಳು ನಮ್ಮಲ್ಲಿ ಓದುತ್ತಿರುವ ವಿದ್ಯಾರ್ಥಿನಿ. ಒಂದು ಸಂಜೆ ಅವರು ನಮ್ಮ ಮನೆಗೆ ದಯಮಾಡಿಸಿ, ಮುಂದಿಟ್ಟ ಕಾಫಿಯನ್ನೂ ಮುಟ್ಟದೆ, "ಮೇಷ್ಟ್ರೆ, ನಮ್ಮ ಹುಡುಗಿ ಸೈನ್ಯದ ಪೊಲೀಸು ದಳಕ್ಕೆ ಸೇರ್ತೀನಿ ಅಂತ ಹಟ ಹಿಡಿದಾಳೆ. ನೀವಾದ್ರೂ ಒಂದಿಷ್ಟು ಬುದ್ಧಿ ಹೇಳ್ರಿ" ಎಂದರು. ಅವರ ಅಂಗಡಿಯ ಗೋಡೆಯ ಮೇಲೆ ಒನಕೆ ಓಬವ್ವನ ದೊಡ್ಡದೊಂದು ಪಟವಿದೆ; ಅದಕ್ಕೆ ಹೂವಿನ ಹಾರ ತಪ್ಪಿದ್ದನ್ನು ನಾವು ಕಂಡಿಲ್ಲ. ಮೆಲ್ಲಗೆ ಅದನ್ನು ನೆನಪಿಗೆ ತಂದೆವು. ಅವರು ಕೂಡಲೆ, "ಓಬವ್ವನ ಮಾತೇ ಬೇರೆ. ಶತ್ರು ಬಾಗಿಲಿಗೆ ಬಂದಿದ್ದ, ಹೊಡೆದಳು. ತಾನಾಗಿ ಹೋಗಿ ಯಾವ ದಂಡಿಗೂ ಸೇರಲಿಲ್ಲ" ಎಂದುಬಿಟ್ಟರು.

ಈ ಮಾತು ನಮ್ಮನ್ನು ಕಟ್ಟಿಹಾಕಿತು. ಕಾಲೇಜಿನಲ್ಲಿ ಪಾಠ ಹೇಳುವವನಿಗೆ ಉತ್ತರ ತಡವಾಗಿ ಹೊಳೆಯುವುದು ಹೊಸದಲ್ಲ. ಆ ವರ್ತಕರಿಗೆ ಅಂದು ಹೇಳಲಾಗದಿದ್ದುದನ್ನು ಇಂದು ತಮ್ಮ ಮುಂದೆ ಹೇಳಲು ಹೊರಟಿದ್ದೇವೆ.

ಮೊದಲು ಓಬವ್ವನ ವಿಷಯ. ದಾವಣಗೆರೆಯು 1997ರವರೆಗೂ ಚಿತ್ರದುರ್ಗದ ಜಿಲ್ಲೆಗೇ ಸೇರಿದ್ದ ಊರು. ಆದ್ದರಿಂದ ನಮಗೆ ದುರ್ಗದ ಕಥೆಗಳು ನೆರೆಮನೆಯ ಕಥೆಗಳಲ್ಲ, ಮನೆಯವೇ. ಹೈದರಾಲಿಯು ಮದಕರಿ ನಾಯಕನ ಕೋಟೆಯನ್ನು ಮತ್ತೆ ಮತ್ತೆ ಮುತ್ತಿ, ಕಡೆಗೆ 1779ರಲ್ಲಿ ವಶಪಡಿಸಿಕೊಂಡನು. ಅಂಥ ಒಂದು ಮುತ್ತಿಗೆಯ ಕಾಲದಲ್ಲಿ, ಮೊಸರು ಮಾರುವವಳೊಬ್ಬಳು ಬಂಡೆಗಳ ನಡುವಣ ಕಿರಿದಾದ ಕಿಂಡಿಯೊಳಗಿಂದ ಬಂದುಹೋಗುವುದನ್ನು ಹೈದರನ ಕಡೆಯವರು ಕಂಡರಂತೆ. ಆ ದಾರಿಯಲ್ಲಿ ಒಬ್ಬೊಬ್ಬರಾಗಿ ನುಸುಳತೊಡಗಿದರು. ಕಾವಲುಗಾರ ಮುದ್ದ ಹನುಮನು ಊಟಕ್ಕೆ ಕುಳಿತಿದ್ದನು. ನೀರು ತರಲು ಹೋದ ಅವನ ಹೆಂಡತಿಯು ಪಿಸುಮಾತು ಕೇಳಿ, ಮನೆಗೆ ಹೋಗಿ ಒನಕೆ ತಂದು, ಕಿಂಡಿಯ ಬಾಯಲ್ಲಿ ನಿಂತು, ತಲೆ ಹೊರಗಿಟ್ಟವನನ್ನು ಹೊಡೆದು ಪಕ್ಕಕ್ಕೆ ಎಳೆದುಹಾಕುತ್ತ ಹೋದಳು. ಗಂಡನು ಊಟ ಮುಗಿಸಿ ಬಂದು, ರಕ್ತಸಿಕ್ತವಾದ ಒನಕೆಯನ್ನು ಹಿಡಿದು ನಿಂತವಳನ್ನು ಕಂಡು, ಕಹಳೆಯೂದಿದನು. ಅವಳು ಆ ದಿನವೇ ಸತ್ತಳು. ಶತ್ರುವಿನ ಕೈಯಿಂದ ಎಂದು ಕೆಲವರು, ಆಘಾತದಿಂದ ಎಂದು ಮತ್ತೆ ಕೆಲವರು ಹೇಳುತ್ತಾರೆ. ತಣ್ಣೀರುದೋಣಿಯ ಬಳಿಯ ಆ ಕಿಂಡಿಯನ್ನು ಇಂದಿಗೂ ಅವಳ ಹೆಸರಿನಿಂದಲೇ ಕರೆಯುತ್ತಾರೆ. ಇದು ಶಾಸನದಿಂದ ಬಂದ ಕಥೆಯಲ್ಲ. ದುರ್ಗದ ಜನ ಬಾಯಿಂದ ಬಾಯಿಗೆ ಕಾಪಾಡಿದ ಕಥೆ. ತ. ರಾ. ಸುಬ್ಬರಾಯರ ಕಾದಂಬರಿಗಳ ಆಧಾರದ ಮೇಲೆ ಪುಟ್ಟಣ್ಣ ಕಣಗಾಲರು 1972ರಲ್ಲಿ ತೆಗೆದ 'ನಾಗರಹಾವು' ಚಿತ್ರದಲ್ಲಿ ಜಯಂತಿಯವರು ಆ ಪಾತ್ರವನ್ನು ಆಡಿದ ಮೇಲೆ, ದುರ್ಗವನ್ನು ಕಾಣದ ಕನ್ನಡಿಗರಿಗೂ ಓಬವ್ವನ ಮುಖ ಪರಿಚಯವಾಯಿತು.

ಅವಳಿಗೆ ಆ ಬಲವು ಎಲ್ಲಿಂದ ಬಂತು? ಸಾಕ್ಷಾತ್ ದುರ್ಗಿಯೇ ಮೈದುಂಬಿದಳು ಎನ್ನುವುದು ನಮ್ಮ ಜನರ ಸಾಮಾನ್ಯವಾದ ಉತ್ತರ. ನಮಗೆ ಈ ಉತ್ತರ ಒಪ್ಪುವುದಿಲ್ಲ. ನಮ್ಮ ಮನೆಯ ಉಗ್ರಾಣದಲ್ಲಿ ಅಜ್ಜಿಯ ಕಾಲದ ಒನಕೆಯೊಂದಿದೆ. ಮದುವೆ ಮುಂಜಿಗಳಲ್ಲಿ ಅರಿಸಿನ ಕುಂಕುಮ ಹಚ್ಚಿಸಿಕೊಳ್ಳುವುದನ್ನು ಬಿಟ್ಟರೆ ಅದಕ್ಕೆ ಈಗ ಬೇರೆ ಉದ್ಯೋಗವಿಲ್ಲ. ಮನೆಗೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಒಮ್ಮೆ ಪಂಥ ಕಟ್ಟಿ ಅದನ್ನು ಎತ್ತಿ ಒರಳಿನಲ್ಲಿ ಕುಟ್ಟಲು ತೊಡಗಿದರು. ಇಪ್ಪತ್ತು ಪೆಟ್ಟಿನೊಳಗಾಗಿ ಮೂವರ ಅಂಗೈ ಕೆಂಪಾಗಿ, ಉಸಿರು ಮೇಲಾಯಿತು. ನಾಲ್ಕನೆಯವಳು, ಎಂದರೆ ನಮ್ಮ ವರ್ತಕರ ಮಗಳು, ಐವತ್ತನ್ನು ಮುಟ್ಟಿ ನಿಲ್ಲಿಸಿದಳು. ನಮ್ಮ ಅಜ್ಜಿಯಾದರೊ ಕೋಳಿ ಕೂಗುವ ಮುಂಚೆ ಎದ್ದು, ಎಡಗೈ ಬಲಗೈ ಬದಲಾಯಿಸುತ್ತ, ಅಣಸು ಒರಳಿನ ಅಂಚಿಗೆ ತಗಲದಂತೆ, ಮನೆಮಂದಿಗೆಲ್ಲ ಆಗುವಷ್ಟು ಭತ್ತ ಕುಟ್ಟುತ್ತಿದ್ದವರು. ಎತ್ತಿದ ಒನಕೆಯು ಒಂದೇ ಗುರಿಗೆ ಬೀಳಬೇಕು. ಬಿದ್ದ ಕ್ಷಣವೇ ಮತ್ತೆ ಏಳಬೇಕು. ವರ್ಷಗಳ ಕಾಲ ಇದನ್ನು ಮಾಡಿದ ತೋಳಿಗೆ ಕಿಂಡಿಯ ಬಾಯಲ್ಲಿ ಬೇರೆ ಯಾವ ಕವಾಯತು ಬೇಕಾಗಿತ್ತು? ಓಬವ್ವನನ್ನು ದೇವಿಯೆಂದು ಕರೆದಾಗ ನಾವು ಅವಳಿಗೆ ಮರ್ಯಾದೆ ಸಲ್ಲಿಸಿದೆವೆಂದು ಭಾವಿಸುತ್ತೇವೆ. ವಾಸ್ತವವಾಗಿ ಅವಳ ದುಡಿಮೆಯ ಫಲವನ್ನು ಕಸಿದು ದೇವಿಗೆ ಒಪ್ಪಿಸಿರುತ್ತೇವೆ.

ಇಷ್ಟಾದರೂ ನಮ್ಮ ವರ್ತಕರ ಆಕ್ಷೇಪಣೆ ಹಾಗೆಯೇ ಉಳಿಯಿತು. ತಾನಾಗಿ ಹೊರಟವರು ನಮ್ಮಲ್ಲಿ ಯಾರು?

ಶ್ರವಣಬೆಳಗೊಳದಲ್ಲಿ ಒಂದು ವೀರಗಲ್ಲಿದೆ. ಹತ್ತನೆಯ ಶತಮಾನದ್ದು. ಅದರಲ್ಲಿ ಕುದುರೆಯೇರಿ ಕತ್ತಿಯೆತ್ತಿದ ಹೆಂಗಸೊಬ್ಬಳು. ಎದುರಿಗೆ ಆನೆಯ ಮೇಲಿನ ಭಟ. ಅವಳ ಹೆಸರು ಸಾವಿಯಬ್ಬೆ. ಪತಿಯಾದ ಲೋಕವಿದ್ಯಾಧರನೊಡನೆ ಯುದ್ಧಕ್ಕೆ ಹೋಗಿ ಅಲ್ಲಿಯೇ ಮಡಿದವಳು. ಶಾಸನದ ಕವಿಯು ಅವಳನ್ನು ರೇವತಿಗೂ ಸೀತೆಗೂ ಹೋಲಿಸಿ, ಶ್ರಾವಕಿಯೆಂದು ಹೊಗಳುತ್ತಾನೆ. ಹೀಗೆ ಅಕ್ಷರಗಳು ಅವಳನ್ನು ಒಳ್ಳೆಯ ಗೃಹಿಣಿಯನ್ನಾಗಿಯೇ ಇಟ್ಟುಕೊಳ್ಳಲು ಹವಣಿಸುತ್ತವೆ. ಉಳಿ ಹಿಡಿದ ಶಿಲ್ಪಿ ಮಾತ್ರ ಅವಳನ್ನು ಕುದುರೆಯ ಮೇಲೆ ಕೂರಿಸಿಬಿಟ್ಟಿದ್ದಾನೆ. ಕಂಡದ್ದನ್ನು ಕೆತ್ತಿದವನು ಅವನೇ ಎಂದು ನಮ್ಮ ಊಹೆ.

ಚಾಲುಕ್ಯ ಜಯಸಿಂಹನ ಸೋದರಿ ಅಕ್ಕಾದೇವಿಯು ಕಿಸುಕಾಡು ಎಪ್ಪತ್ತನ್ನು ಆಳುತ್ತಿದ್ದವಳು. 1047ರಲ್ಲಿ ಗೋಕಾಗೆಯ, ಎಂದರೆ ಇಂದಿನ ಗೋಕಾಕದ, ಕೋಟೆಗೆ ಮುತ್ತಿಗೆ ಹಾಕಿ ಕುಳಿತಿದ್ದಳು. ಇಲ್ಲಿ ಶತ್ರು ಇವಳ ಬಾಗಿಲಿಗೆ ಬಂದಿರಲಿಲ್ಲ. ಇವಳೇ ಅವನ ಬಾಗಿಲಿಗೆ ಹೋಗಿದ್ದಳು. ಬೆಳವಡಿಯ ಮಲ್ಲಮ್ಮನು 1678ರ ಸುಮಾರಿಗೆ ಶಿವಾಜಿಯ ದಂಡನ್ನು ಎದುರಿಸಿದುದೂ, ಅವಳಲ್ಲಿ ಹೆಂಗಸರದೇ ಒಂದು ಪಡೆ ಇದ್ದಿತೆಂಬುದೂ ಬೆಳಗಾವಿ ಸೀಮೆಯಲ್ಲಿ ಜನಜನಿತವಾದ ಮಾತು.

ಇವರೆಲ್ಲ ಅರಸುಮನೆಯವರು, ದೊಡ್ಡ ಮನೆತನದವರು ಎನ್ನಬಹುದು. ಹಾಗಾದರೆ ಸಂಬಳದ ಸಿಪಾಯಿಗಳನ್ನೇ ನೋಡೋಣ. ರಾಯಚೂರು ಗುಲ್ಬರ್ಗಗಳು ಯಾವ ನಿಜಾಮನ ಆಳ್ವಿಕೆಗೆ ಒಳಪಟ್ಟಿದ್ದವೊ ಆ ಹೈದರಾಬಾದಿನಲ್ಲಿ, ಹದಿನೆಂಟನೆಯ ಶತಮಾನದ ಕೊನೆಗೆ, ಜಫರ್ ಪಲ್ಟಣವೆಂಬ ಹೆಂಗಸರ ಸೈನ್ಯವಿದ್ದಿತು. ಅವರು ಸಿಪಾಯಿಗಳ ಉಡುಪನ್ನೇ ತೊಟ್ಟು, ಬಂದೂಕು ಹಿಡಿದು, ಕವಾಯತು ಮಾಡಿ, ಅಂತಃಪುರದ ಕಾವಲನ್ನು ನಡೆಸುತ್ತಿದ್ದರು. 1795ರಲ್ಲಿ ಮರಾಠರೊಡನೆ ನಡೆದ ಖರ್ಡಾ ಯುದ್ಧದಲ್ಲಿ ಇವರೂ ರಂಗದಲ್ಲಿದ್ದರು. ತಿಂಗಳ ಸಂಬಳಕ್ಕಾಗಿ ಬಂದೂಕು ಹಿಡಿದ ಈ ಬಡ ಹೆಂಗಸರಿಗೆ ವೀರಗಲ್ಲೂ ಇಲ್ಲ, ಲಾವಣಿಯೂ ಇಲ್ಲ. ನಮಗೆ ಇದು ಯೋಚಿಸಬೇಕಾದ ಸಂಗತಿಯಾಗಿ ತೋರುತ್ತದೆ. ಗಂಡನಿಗಾಗಿ ಹೋರಾಡಿದವಳನ್ನು ನಾವು ಹಾಡುತ್ತೇವೆ. ಉದ್ಯೋಗವೆಂದು ಹೋರಾಡಿದವಳನ್ನು ಮರೆಯುತ್ತೇವೆ.

ಉದ್ಯೋಗವೆಂದು ಹೊರಟವಳ ಗತಿ ಏನಾಗುವುದೆಂಬುದನ್ನು ತಿಳಿಯಲು ನಾವು ಇನ್ನೂ ದೂರ, ರಷ್ಯಾ ದೇಶಕ್ಕೆ ಹೋಗಬೇಕು. ಅಲ್ಲಿ 1889ರಲ್ಲಿ ಬಡ ರೈತನ ಮನೆಯಲ್ಲಿ ಮರಿಯಾ ಬೊಚ್‌ಕರ್ಯೋವಾ ಎಂಬವಳು ಹುಟ್ಟಿದಳು. ಮನೆಯವರು ಹೊಟ್ಟೆಪಾಡಿಗೆ ಸೈಬೀರಿಯಾಕ್ಕೆ ವಲಸೆ ಹೋದರು. ಕುಡುಕ ಗಂಡನ ಹೊಡೆತ ತಿಂದು, ಅವನನ್ನು ಬಿಟ್ಟು, ರಸ್ತೆಗೆ ಡಾಂಬರು ಹಾಕುವ ಕೂಲಿಗೆ ಸೇರಿ, ಕೂಲಿಯಾಳುಗಳ ಮೇಲ್ವಿಚಾರಣೆಯವರೆಗೂ ಏರಿದಳು. ಒನಕೆಗೆ ಬದಲು ಡಾಂಬರು, ಅಷ್ಟೆ. ತೋಳು ಹದವಾದ ಬಗೆ ಒಂದೇ. 1914ರಲ್ಲಿ ಮಹಾಯುದ್ಧವು ಆರಂಭವಾದಾಗ ತಾಮ್ಸ್ಕ್ ನಗರದ ಸೇನಾಧಿಕಾರಿಯ ಮುಂದೆ ಹೋಗಿ ನಿಂತು, ತನ್ನನ್ನು ಸಿಪಾಯಿಯಾಗಿ ಸೇರಿಸಿಕೊಳ್ಳಬೇಕೆಂದಳು. ಆತನು ಕಾನೂನಿಲ್ಲವೆಂದನು. ಇವಳು ನೇರವಾಗಿ ಝಾರ್ ಚಕ್ರವರ್ತಿಗೇ ತಂತಿ ಕಳುಹಿಸಿದಳು, ಅಪ್ಪಣೆಯೂ ಬಂದಿತು! ಜೊತೆಯ ಸಿಪಾಯಿಗಳು ಮೊದಮೊದಲು ಗೇಲಿ ಮಾಡಿದರು. ಗುಂಡಿನ ಮಳೆಯಲ್ಲಿ ತೆವಳಿಕೊಂಡು ಹೋಗಿ ಗಾಯಾಳುಗಳನ್ನು ಎಳೆದುತಂದ ಮೇಲೆ ಗೇಲಿ ನಿಂತಿತು. 'ಯಾಷ್ಕಾ' ಎಂದು ಗಂಡು ಹೆಸರಿಟ್ಟು ಕರೆಯತೊಡಗಿದರು. ಹಲವು ಬಾರಿ ಗಾಯಗೊಂಡಳು, ಪದಕಗಳನ್ನು ಪಡೆದಳು.

1917ರಲ್ಲಿ ಝಾರನು ಪದಚ್ಯುತನಾದನು. ಮೂರು ವರ್ಷ ಕಂದಕಗಳಲ್ಲಿ ಕೊಳೆತ ಸೈನ್ಯಕ್ಕೆ ಹೋರಾಡುವ ಮನಸ್ಸು ಉಳಿದಿರಲಿಲ್ಲ. ಆಗ ಇವಳ ಸಲಹೆಯ ಮೇರೆಗೆ, ಯುದ್ಧಮಂತ್ರಿ ಕೆರೆನ್ಸ್ಕಿಯ ಒಪ್ಪಿಗೆಯಿಂದ, ಹೆಂಗಸರದೇ ಒಂದು 'ಮೃತ್ಯುದಳ' ಪೆಟ್ರೋಗ್ರಾಡಿನಲ್ಲಿ ಏರ್ಪಟ್ಟಿತು. ಸುಮಾರು 2000 ಮಂದಿ ಹೆಸರು ಕೊಟ್ಟರು: ಕಾಲೇಜಿನವರು, ದಾದಿಯರು, ಕೂಲಿಯವರು, ಸಿರಿವಂತರ ಹೆಣ್ಣುಮಕ್ಕಳು. ತಲೆಗೂದಲನ್ನು ಬೋಳಿಸಿ, ಗಂಡಸರ ಉಡುಪು ತೊಡಿಸಿ, ಇವಳು ನಡೆಸಿದ ಕಟುವಾದ ಶಿಕ್ಷಣವನ್ನು ತಾಳಿಕೊಂಡು ಕಡೆಗೆ ಉಳಿದವರು 300 ಮಂದಿ. ಅದೇ ಜುಲೈ ತಿಂಗಳಿನಲ್ಲಿ ಸ್ಮೋರ್ಗೊನ್ ಎಂಬಲ್ಲಿ ಜರ್ಮನರ ಮೇಲೆ ಏರಿಹೋಗಲು ಅಪ್ಪಣೆಯಾಯಿತು. ಪಕ್ಕದ ಗಂಡಸರ ಪಡೆಗಳು ಹೋಗೋಣವೆ ಬೇಡವೆ ಎಂದು ಚರ್ಚೆ ನಡೆಸುತ್ತಿರಲು, ಹೆಂಗಸರು ಕಂದಕವನ್ನು ಹತ್ತಿ ಮುಂದೆ ನಡೆದರು. ನಾಚಿಯೊ ಹುರುಪಿನಿಂದಲೊ ಕೆಲವು ಗಂಡಸರು ಹಿಂಬಾಲಿಸಿದರು. ಶತ್ರುವಿನ ಕಂದಕಗಳು ಕೈವಶವಾದವು. ಹಿಂದಿನಿಂದ ಸಹಾಯ ಬಾರದೆ ಅವನ್ನು ಬಿಟ್ಟು ಹಿಂದಿರುಗಬೇಕಾಯಿತು.

ಇಲ್ಲಿ ನಾವು ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಈ ದಳವನ್ನು ಕಟ್ಟಿದವರಿಗೆ ಹೆಂಗಸರ ಶೌರ್ಯದ ಮೇಲೆ ಅಷ್ಟೇನೂ ಮಮತೆಯಿರಲಿಲ್ಲ. ಹಿಂಜರಿದ ಗಂಡಸರನ್ನು ನಾಚಿಸುವುದಕ್ಕೆ ಅವರಿಗೊಂದು ಮುಳ್ಳುಗೋಲು ಬೇಕಾಗಿತ್ತು. ಹೆಣ್ಣೇ ಹೋದಳು, ನೀನು ನಿಂತೆಯಾ ಎಂಬ ಮೂದಲಿಕೆಗಾಗಿ ಮುನ್ನೂರು ಜನರನ್ನು ಗುಂಡಿನ ಎದುರು ನಿಲ್ಲಿಸಿದುದಾಯಿತು. ಮೂದಲಿಕೆಗೊಳಗಾದ ಗಂಡಸರಾದರೂ ಕೃತಜ್ಞರಾದರೆ? ಅನೇಕರು ಯುದ್ಧವನ್ನು ಉದ್ದಮಾಡಲು ಬಂದವರೆಂದು ಅವರನ್ನು ಹಗೆಯಿಂದ ಕಂಡರು. ಆ ವರ್ಷದ ಅಕ್ಟೋಬರ್ ಕ್ರಾಂತಿಯ ರಾತ್ರಿ ಚಳಿಗಾಲದ ಅರಮನೆಯನ್ನು ಕಾಯುತ್ತಿದ್ದವರಲ್ಲಿಯೂ ಒಂದು ಹೆಂಗಸರ ತುಕಡಿಯಿತ್ತು. ಅದು ಇವಳ ದಳವೆಂದು ಹಲವರು ಬರೆಯುವುದುಂಟು, ಅದು ತಪ್ಪು, ಬೇರೊಂದು ದಳದ್ದು. ಇವಳು ಮುಂದೆ ಅಮೆರಿಕಕ್ಕೆ ಹೋಗಿ ಅಧ್ಯಕ್ಷ ವಿಲ್ಸನರನ್ನು ಕಂಡು, ಓದುಬರಹ ಹೆಚ್ಚಿಲ್ಲದ್ದರಿಂದ ತನ್ನ ಜೀವನಚರಿತ್ರೆಯನ್ನು ಪತ್ರಿಕೋದ್ಯಮಿಯೊಬ್ಬರಿಗೆ ಬಾಯಲ್ಲಿ ಹೇಳಿ ಬರೆಸಿದಳು. ಸ್ವದೇಶಕ್ಕೆ ಮರಳಿದವಳನ್ನು ಹೊಸ ಸರ್ಕಾರವು ಹಿಡಿದು, 1920ರ ಮೇ ತಿಂಗಳಿನಲ್ಲಿ ಕ್ರಾಸ್ನೊಯಾರ್ಸ್ಕಿನಲ್ಲಿ ಗುಂಡಿಟ್ಟು ಕೊಂದಿತು. ಅವಳು ನಿರಪರಾಧಿಯೆಂದು ರಷ್ಯಾ ಸರ್ಕಾರ ಒಪ್ಪಿದುದು 1992ರಲ್ಲಿ.

ನಮ್ಮ ವರ್ತಕರು ಮತ್ತೆ ಬಂದಾಗ ಈ ವೃತ್ತಾಂತವನ್ನೆಲ್ಲ ಹೇಳಿದೆವು, ಕಹಿಯಾದ ಭಾಗವನ್ನೂ ಬಿಡದೆ. ಅವರು, "ನೋಡಿದ್ರಾ, ಕೊನಿಗೆ ಗುಂಡಿಟ್ಟು ಕೊಂದ್ರಲ್ಲ" ಎಂದರು. ನಾವು ಹೇಳಿದ್ದು ಇಷ್ಟು: "ಅವಳ ದುರ್ಗತಿಗೆ ಬಂದೂಕು ಹಿಡಿದದ್ದು ಕಾರಣವಲ್ಲ. ನಾಲ್ಕು ದಿನದ ಉಪಯೋಗಕ್ಕೆಂದು ಕರೆದು, ಉಪಯೋಗ ತೀರಿದ ಮೇಲೆ ಅವಳು ಯಾರೆಂದು ಕೇಳಿದ್ದು ಕಾರಣ. ತಮ್ಮ ಮಗಳು ಹೋಗಬೇಕೆಂದಿರುವ ಕಡೆ ಹಾಗಿಲ್ಲ. 2019ರಲ್ಲಿ ಹೆಣ್ಣುಮಕ್ಕಳನ್ನು ಸಿಪಾಯಿ ದರ್ಜೆಗೆ ತೆಗೆದುಕೊಳ್ಳಲು ಆರಂಭಿಸಿದರು. ಮೊದಲನೆಯ ತಂಡದ 83 ಮಂದಿ ನಮ್ಮ ಬೆಂಗಳೂರಿನಲ್ಲಿಯೇ 61 ವಾರಗಳ ಶಿಕ್ಷಣ ಮುಗಿಸಿ, 2021ರ ಮೇ 8ರಂದು ಕವಾಯತು ಮಾಡಿ ಹೊರಬಂದರು. ಯಾರನ್ನೂ ನಾಚಿಸುವುದಕ್ಕಲ್ಲ, ಕೆಲಸಕ್ಕೆ. ತಾವು ಕೇಳಬೇಕಾದ್ದು ಹೆಣ್ಣು ಹೋಗಬಹುದೆ ಎಂದಲ್ಲ. ಹೋದವಳಿಗೆ ಸಂಬಳ, ಬಡ್ತಿ, ಮರ್ಯಾದೆಗಳು ಜೊತೆಯವರಿಗೆ ಸಮನಾಗಿ ಸಿಗುತ್ತವೆಯೆ ಎಂದು."

ಅವರು ಬಹಳ ಹೊತ್ತು ಮಾತಾಡಲಿಲ್ಲ. ಕಾಫಿ ಆರಿಹೋಗಿತ್ತು, ಆರಿದ್ದನ್ನೇ ಕುಡಿದರು. ಲೋಟವನ್ನು ಕೆಳಗಿಟ್ಟು, ಹೆಗಲ ಮೇಲಿನ ವಸ್ತ್ರವನ್ನು ಸರಿಪಡಿಸಿಕೊಂಡು, ಬಾಗಿಲ ಬಳಿ ನಿಂತು, "ವರ್ಷಕ್ಕೆ ರಜಾ ಎಷ್ಟು ದಿನ ಕೊಡ್ತಾರೆ, ಮೇಷ್ಟ್ರೆ?" ಎಂದು ಕೇಳಿದರು.