ನತ್ಥೂಗೆ ಸಿಕ್ಕಿದ ಐದು ರೂಪಾಯಿ
(ಹಾಸ್ಟೆಲ್ ಗೆಳೆಯರ ಓದುಕೂಟದಲ್ಲಿ ಆಡಿದ ಮಾತು)



ಭೀಷ್ಮ ಸಾಹನಿಯವರ 'ತಮಸ್' ಕಾದಂಬರಿಯನ್ನ ನಾವು ಆರೇಳು ಜನ ರೂಮಿನಲ್ಲಿ ಕೂತು ಓದಿದೆವು. ಹಿಂದಿ ಬರೋ ಗೆಳೆಯ ಓದಿ ಅರ್ಥ ಹೇಳ್ತಿದ್ದ, ಉಳಿದವರು ಕೇಳ್ತಿದ್ದೆವು. 1975ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ. ಗೋವಿಂದ ನಿಹಲಾನಿ ಇದನ್ನ ಚಿತ್ರ ಮಾಡಿದರು, 1988ರಲ್ಲಿ ದೂರದರ್ಶನದಲ್ಲಿ ಬಂತು. ನಿಲ್ಲಿಸಿ ಅಂತ ಕೋರ್ಟಿಗೆ ಹೋದವರೂ ಇದ್ದರು, ಸುಪ್ರೀಂ ಕೋರ್ಟು ಒಪ್ಪಲಿಲ್ಲ.

ಇದು ಹಿಂದೂ-ಮುಸ್ಲಿಂ ಗಲಭೆಯ ಕತೆ ಅಂತ ಎಲ್ಲರೂ ಹೇಳ್ತಾರೆ. ಸರಿ. ಆದರೆ ಪುಸ್ತಕ ತೆಗೆದರೆ ಮೊದಲು ಕಾಣೋನು ಹಿಂದೂ ಮುಖಂಡನೂ ಅಲ್ಲ, ಮುಸ್ಲಿಂ ಮುಖಂಡನೂ ಅಲ್ಲ. ನತ್ಥೂ. ಚಮಾರ ಕುಲದವನು, ಅಂದರೆ ನಮ್ಮವನು.

ಇಡೀ ರಾತ್ರಿ ಒಂದು ಇಕ್ಕಟ್ಟಿನ ಕೋಣೆಯಲ್ಲಿ ಹಂದಿ ಕೊಲ್ಲಲಿಕ್ಕೆ ಒದ್ದಾಡ್ತಾನೆ. ಸತ್ತ ಪ್ರಾಣಿಯ ಚರ್ಮ ಸುಲಿಯೋದು ಅವನ ಕಸುಬು, ಹಂದಿ ಕೊಂದು ಗೊತ್ತಿಲ್ಲ. ಪಶುವೈದ್ಯ ಸಾಹೇಬರಿಗೆ ಬೇಕು ಅಂತ ಹೇಳಿ ಮುರಾದ್ ಅಲಿ ಐದು ರೂಪಾಯಿ ಕೊಟ್ಟು ಹೋಗಿದ್ದಾನೆ. ಆಗಲ್ಲ ಅನ್ನೋ ಹಾಗಿಲ್ಲ, ಊರಲ್ಲಿ ಕುದುರೆಯೋ ಎತ್ತೋ ಸತ್ತರೆ ನತ್ಥೂಗೆ ಕೆಲಸ ಸಿಗೋದು ಅದೇ ಮನುಷ್ಯನಿಂದ. ಬೆಳಗಾದರೆ ಹಂದಿ ಮಸೀದಿ ಮೆಟ್ಟಿಲ ಮೇಲೆ!

ಸಾಹನಿ ಕಟ್ಟುಕತೆ ಹೇಳ್ತಿಲ್ಲ. ರಾವಲ್ಪಿಂಡಿ ಅವರ ಹುಟ್ಟೂರು, 1947ರ ಮಾರ್ಚಿನ ಗಲಭೆ ಕಂಡವರು. 1970ರಲ್ಲಿ ಭಿವಂಡಿಯ ಗಲಭೆ ನಡೆದಾಗ ಅಣ್ಣ ಬಲರಾಜ್ ಸಾಹನಿ ಜೊತೆ ಅಲ್ಲಿಗೆ ಹೋಗಿ, ಸುಟ್ಟ ಮನೆಗಳನ್ನ ನೋಡಿ ಬಂದ ಮೇಲೆ ಬರೆಯಲಿಕ್ಕೆ ಕೂತರು.

ನಮ್ಮ ರೂಮಿನಲ್ಲಿ ಜಗಳ ಎದ್ದದ್ದು ಇಲ್ಲೇ. 1927ರಲ್ಲೇ ಮಹಾಡ್‌ನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ, ಸ್ವಾಭಿಮಾನದಿಂದ ಬದುಕಿ ಅಂದರಲ್ಲ, ಇಪ್ಪತ್ತು ವರ್ಷ ಆದಮೇಲೂ ಇವನ್ಯಾಕೆ ಒಪ್ಕೊಂಡ ಅಂತ ಒಬ್ಬ ಕೇಳಿದ. ಇನ್ನೊಬ್ಬನಿಗೆ ಸಿಟ್ಟೇ ಬಂತು: "ನಿನಗೆ ಹಾಸ್ಟೆಲಿನ ಊಟ ಇದೆ, ಅದಕ್ಕೇ ಕೇಳ್ತೀಯ." ಇಬ್ಬರೂ ಸರಿಯೇ. ಬೇಡ ಅನ್ನಬೇಕಾದರೆ ಮನೆಯಲ್ಲಿ ಕಾಳಿರಬೇಕು, ಇಲ್ಲಾ ಬೆನ್ನಿಗೆ ಸಂಘ ಇರಬೇಕು. ನತ್ಥೂಗೆ ಎರಡೂ ಇರಲಿಲ್ಲ.

ಸುದ್ದಿ ಕೇಳಿದಾಗಿಂದ ಅವನು ನರಳ್ತಾನೆ, ಹೆಂಡತಿ ಹತ್ತಿರ ಹೇಳ್ಕೊಳ್ತಾನೆ. ಅವನಷ್ಟು ನರಳೋರು ಪುಸ್ತಕದಲ್ಲಿ ಇನ್ನೊಬ್ಬರು ನಮಗೆ ಕಾಣಲಿಲ್ಲ. ಡೆಪ್ಯುಟಿ ಕಮಿಷನರ್ ರಿಚರ್ಡ್‌ಗೆ ಊರಿನ ಮುಖಂಡರು ಏನಾದರೂ ಮಾಡಿ ಅಂತ ಕೇಳ್ತಾರೆ. ಅವನು ಜಾರಿಕೊಳ್ತಾನೆ. ಎಲ್ಲಾ ಸುಟ್ಟಮೇಲೆ ಒಂದು ವಿಮಾನ ಹಳ್ಳಿಗಳ ಮೇಲೆ ಸುತ್ತು ಹಾಕುತ್ತೆ, ಗಲಭೆ ನಿಲ್ಲುತ್ತೆ. ಮೊದಲ ದಿನವೇ ಹಾರಿಸಬಹುದಿತ್ತಲ್ಲ?

ನಮ್ಮ ವಯಸ್ಸಿನವರು ಮತ್ತೆ ಮತ್ತೆ ಓದಬೇಕಾದ್ದು ರಣವೀರನ ಭಾಗ. ಹುಡುಗ, ಕೈ ನಡುಗುತ್ತೆ. ಗುರು ಕೋಳಿ ಕತ್ತರಿಸೋದನ್ನ ಕಲಿಸ್ತಾನೆ. ಆಮೇಲೆ ಆ ಗುಂಪಿನ ಇನ್ನೊಬ್ಬ ಹುಡುಗ, ಪ್ರೀತಿಯಿಂದ ಮಾತಾಡಿಸಿದ ಅತ್ತರು ಮಾರೋ ಮುದುಕನಿಗೆ ಚಾಕು ಹಾಕ್ತಾನೆ.

ಸಾಹನಿಯವರ ಮೇಲೆ ನಮ್ಮದೊಂದು ತಕರಾರು. ಬಾವಿಗೆ ಹಾರಿದ ಸಿಖ್ ಹೆಂಗಸರ ಸಾವನ್ನ ಮನ ಕಲಕೋ ಹಾಗೆ ಬರೆದವರು ನತ್ಥೂ ಸಾವನ್ನ ಬರೆದಿಲ್ಲ. ಸತ್ತಿದ್ದ ಅಂತ ಕೊನೆಗೆ ಹೋಗ್ತಾ ಹೋಗ್ತಾ ಗೊತ್ತಾಗುತ್ತೆ, ಅಷ್ಟೇ. ಅಥವಾ ಬೇಕಂತಲೇ ಹಾಗೆ ಮಾಡಿದರೋ. ಯಾಕೆಂದರೆ ಶಾಂತಿ ಬಸ್ಸಿನಲ್ಲಿ ಡ್ರೈವರ್ ಪಕ್ಕ ಕೂತು ಘೋಷಣೆ ಕೂಗ್ತಿರೋನು ಅದೇ ಮುರಾದ್ ಅಲಿ, ಗುರುತು ಹಿಡಿಯಬೇಕಾದವನು ಸತ್ತಿದ್ದಾನೆ. ಪರಿಹಾರ ಕಚೇರಿಯಲ್ಲಿ ಅಂಕಿ ಅಂಶ ಬರೆದುಕೊಳ್ಳೋ ಬಾಬು ಇದ್ದಾನೆ. ನತ್ಥೂನ ಯಾವ ಕಾಲಮ್ಮಿನಲ್ಲಿ ಬರೆದನೋ.

ಇದನ್ನೆಲ್ಲ ಯಾಕೆ ಹೇಳ್ತಿದ್ದೇವೆ ಅಂದರೆ, ನಮ್ಮಲ್ಲೇ ಮೂವರು ಒಂದು ಮೆರವಣಿಗೆಗೆ ಹೋದರು. ತಲೆಗೆ ಐನೂರು, ಒಂದು ಊಟದ ಪೊಟ್ಟಣ. ಕಲ್ಲು ಬಿತ್ತು, ಅಂಗಡಿ ಮುರಿಯಿತು. ಕೇಸು ಬಿದ್ದದ್ದು ನಮ್ಮ ಹುಡುಗನ ಮೇಲೆ. ಜಾಮೀನಿಗೆ ಅವರಪ್ಪ ಎರಡು ಕುರಿ ಮಾರಿದರು. ಕರೆದುಕೊಂಡು ಹೋಗಿದ್ದ ಯಜಮಾನರು ಮುಂದಿನ ತಿಂಗಳ ಶಾಂತಿಸಭೆಯಲ್ಲಿ ಹಾರ ಹಾಕಿಸಿಕೊಂಡು ವೇದಿಕೆ ಮೇಲೆ ಕೂತಿದ್ದರು. ನಮ್ಮ ಹುಡುಗ ಕೆಳಗೆ ನಿಂತು ಗುರುತು ಹಿಡಿದ.

ಮುಂದಿನ ಭಾನುವಾರದ ಕೂಟದಲ್ಲಿ ಅವನೇ ಮಾತಾಡ್ತೀನಿ ಅಂದಿದ್ದಾನೆ. ಎಲ್ಲರೂ ಬನ್ನಿ, ಪಕ್ಕದ ಹಾಸ್ಟೆಲಿನವರನ್ನೂ ಕರೆತನ್ನಿ.